ಬೇಡವಾದ ಯುದ್ಧ, ಹೊರಳಿದ ಮತ: ಮನೆಬಾಗಿಲು ತಟ್ಟಿದವರಿಂದ ಆದದ್ದೇನು?

ಸರಸ್ವತಿಪುರಂ ಮೇಷ್ಟ್ರು

ಮೊನ್ನೆ ನಮ್ಮ ಓದುಗರ ಕೂಟದಲ್ಲಿ ವಿಯೆಟ್ನಾಂ ಯುದ್ಧದ ಮಾತು ಬಂತು. ಒಬ್ಬರು ಅಂದರು: ವಿದ್ಯಾರ್ಥಿಗಳು ಬೀದಿಗಿಳಿದರು, ಅಮೆರಿಕದ ಜನ ಎಚ್ಚೆತ್ತರು, ಯುದ್ಧ ನಿಂತಿತು. ಬಹಳ ಜನ ತಲೆಯಾಡಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಹೊತ್ತು ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಆ ಕಾಲದಲ್ಲಿ ಮನೆಮನೆ ಅಲೆದವರ ಕೆಲಸದ ಬೆಲೆ ಗೊತ್ತಾಗಬೇಕಾದರೆ ಈ ಮೂರು ತುಂಡಿನ ಕತೆಯನ್ನು ಬಿಡಬೇಕು.

1964ರ ಆಗಸ್ಟ್‌ನಲ್ಲಿ, ವಿಯೆಟ್ನಾಂನಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಟಾಂಕಿನ್ ಕೊಲ್ಲಿ ನಿರ್ಣಯ ಮೇಲ್ಮನೆಯಾದ ಸೆನೆಟ್ ಮುಂದೆ ಬಂದಾಗ ಬೇಡ ಅಂದವರು ಇಬ್ಬರೇ, ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಪರವಾಗಿ 88 ಮತ. ಕೆಳಮನೆಯಲ್ಲಿ ವಿರುದ್ಧ ಒಂದು ಮತವೂ ಬೀಳಲಿಲ್ಲ. ಆ ನವೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಭಾರಿ ಬಹುಮತದಿಂದ ಮತ್ತೆ ಗೆದ್ದರು. ಯುದ್ಧಕ್ಕೆ ಎಳೆದೊಯ್ಯುವವರು ಎದುರಾಳಿ ಗೋಲ್ಡ್‌ವಾಟರ್, ಜಾನ್ಸನ್ ಅಲ್ಲ ಎಂದು ಜನ ನಂಬಿದ್ದರು. ಮರುವರ್ಷವೇ ಪಡೆಗಳು ಹೊರಟವು. 1965ರ ಆಗಸ್ಟ್‌ನಲ್ಲಿ ಜನಮತ ಸಮೀಕ್ಷೆ ಮಾಡುವ ಗ್ಯಾಲಪ್‌ನವರು ಸೈನ್ಯ ಕಳಿಸಿದ್ದು ತಪ್ಪಾಯಿತೇ ಎಂದು ಕೇಳಿದಾಗ ಹೌದು ಅಂದವರು ನೂರಕ್ಕೆ 24. 1967ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆಗೆ ಹೌದು ಅಂದವರು 47, ಇಲ್ಲ ಅಂದವರು 44.

ವಿಯೆಟ್ನಾಂನ ಕಮ್ಯುನಿಸ್ಟರು ಒಮ್ಮೆಲೇ ಎರಗಿದ ಟೆಟ್ ದಾಳಿ ನಡೆದದ್ದು 1968ರ ಜನವರಿ ಕೊನೆಯಲ್ಲಿ. ಯುದ್ಧ ಎಲ್ಲಿಗೂ ಮುಟ್ಟದೆ ಸಿಕ್ಕಿಕೊಂಡಿದೆ ಎಂದು ಹೆಸರಾಂತ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಟಿವಿಯಲ್ಲಿ ಹೇಳಿದ್ದು ಫೆಬ್ರುವರಿ 27ರಂದು. ಅವೆರಡಕ್ಕೂ ಮೊದಲೇ ಅರ್ಧದಷ್ಟು ದೇಶದ ಮನಸ್ಸು ಹೊರಳಿಯಾಗಿತ್ತು. ಆದರೆ ಹೊರಳಿದ ಮನಸ್ಸನ್ನು ಒತ್ತಿ ತೋರಿಸಲು ಮತಪತ್ರದಲ್ಲಿ ಜಾಗವೇ ಇರಲಿಲ್ಲ. ಎರಡೂ ದೊಡ್ಡ ಪಕ್ಷಗಳ ನಾಯಕರು ಯುದ್ಧದ ಕಡೆಗೇ ಇದ್ದರು.

ಆ ಜಾಗ ಮಾಡಿಕೊಟ್ಟವರು ಡೆಮಾಕ್ರಟಿಕ್ ಪಕ್ಷದ ಆಲರ್ಡ್ ಲೋವೆನ್‌ಸ್ಟೈನ್ ಮತ್ತು ಅವರ ಜೊತೆಗಾರರು. ಸ್ವಂತ ಪಕ್ಷದವರೇ ಆದ ದೇಶದ ಅಧ್ಯಕ್ಷನ ಎದುರು ನಿಲ್ಲುವವರನ್ನು ಹುಡುಕಿಕೊಂಡು 1967 ಪೂರ್ತಿ ಅಲೆದರು. ರಾಬರ್ಟ್ ಕೆನಡಿ ಒಲ್ಲೆ ಅಂದರು. ಜಾರ್ಜ್ ಮೆಕ್‌ಗವರ್ನ್ ಒಲ್ಲೆ ಅಂದರು. ಕೊನೆಗೆ ಮಿನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ ಒಪ್ಪಿ ನವೆಂಬರ್ 30ರಂದು ಘೋಷಿಸಿದರು. 1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ಒಳಚುನಾವಣೆ. ಜಾನ್ಸನ್‌ಗೆ ನೂರಕ್ಕೆ 49 ಚಿಲ್ಲರೆ, ಮೆಕಾರ್ಥಿಗೆ ಸುಮಾರು 42. ಲೆಕ್ಕದಲ್ಲಿ ಮೆಕಾರ್ಥಿ ಸೋತರು. ನಾಲ್ಕು ದಿನಕ್ಕೆ ಕೆನಡಿ ಕಣಕ್ಕಿಳಿದರು. ಮಾರ್ಚ್ 31ರ ರಾತ್ರಿ ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಹೇಳಿಬಿಟ್ಟರು.

ನಾನು ಹೇಳುವುದು ಇಷ್ಟು. ಮನೆಬಾಗಿಲಿಗೆ ಹೋದವರು ಜನರ ಮನಸ್ಸನ್ನು ಬದಲಿಸಲಿಲ್ಲ. ಬದಲಾಗಿದ್ದ ಮನಸ್ಸಿಗೆ ಮತ ಹಾಕಲು ಒಂದು ಹೆಸರು ಕೊಟ್ಟರು. ಇದು ಚಿಕ್ಕ ಕೆಲಸವಲ್ಲ.

ಪಾಂಡವಪುರದ ಹುಡುಗ

ಮೇಷ್ಟ್ರೇ, ಗಡ್ಡ ಬೋಳಿಸ್ಕೊಂಡು, ಕೂದ್ಲು ಕತ್ತರಿಸ್ಕೊಂಡು ಓಟು ಕೇಳಕ್ಕೆ ಹೋದ್ರು ಅಂತಾರಲ್ಲ, ಅದು ಇದೇ ಚುನಾವಣೇನಾ? ಅಷ್ಟು ಚಳೀಲಿ ಹೊರಗಿನ ಹುಡುಗ್ರು ಬಂದು ಬಾಗ್ಲು ತಟ್ಟಿದ್ರೆ ಅಲ್ಲಿನೋರು ಸೇರಿಸ್ಕೊಂಡ್ರಾ? ನಮ್ಮ ಕಡೆ ಪಕ್ಕದ ತಾಲ್ಲೂಕಿನೋರು ಬಂದ್ರೂ ‘ಇವರ್ಯಾರು’ ಅಂತ ಮೇಲಿಂದ ಕೆಳಗೆ ನೋಡ್ತಾರೆ.

ಸರಸ್ವತಿಪುರಂ ಮೇಷ್ಟ್ರು

ಅದೇ ಚುನಾವಣೆ. ಹಿಮ ಬೀಳುವ ಕಾಲದಲ್ಲಿ ಬೇರೆ ಬೇರೆ ರಾಜ್ಯಗಳ ಕಾಲೇಜುಗಳಿಂದ ಬಸ್ಸು ಹತ್ತಿ ಬಂದರು. ಗಡ್ಡ ಬೋಳಿಸಿಕೊಳ್ಳಲೊಲ್ಲದವರನ್ನು ವಾಪಸ್ ಕಳಿಸಲಿಲ್ಲ, ಕಚೇರಿಯ ಒಳಗೆ ಲಕೋಟೆ ಅಂಟಿಸುವ, ಪಟ್ಟಿ ಬರೆಯುವ ಕೆಲಸಕ್ಕೆ ಹಾಕಿದರು. ಬಾಗಿಲಿಗೆ ಹೋಗುವವರು ಮಾತ್ರ ಆ ಮನೆಯವರಿಗೆ ನಮ್ಮ ಮಗನ ಥರ, ನಮ್ಮ ಮಗಳ ಥರ ಕಾಣಬೇಕು ಎಂಬುದು ಕಟ್ಟುನಿಟ್ಟು. ಯುದ್ಧ ಬೇಡ ಅನ್ನುವವರೆಲ್ಲ ಗಡ್ಡದ ಪುಂಡರು ಎಂದು ಟಿವಿ ನೋಡಿ ತಿಳಿದುಕೊಂಡಿದ್ದ ಹೆಂಗಸಿನ ಮುಂದೆ ಶಿಸ್ತಾದ ಹುಡುಗಿಯೊಬ್ಬಳು ನಿಂತು ‘ನಿಮ್ಮ ಅಭಿಪ್ರಾಯ ಏನಮ್ಮಾ’ ಅಂದರೆ ಅರ್ಧ ತಕರಾರು ಅಲ್ಲೇ ಇಳಿಯುತ್ತದೆ.

ಎದುರು ಪಾಳಯ ಮಾಡಿದ್ದನ್ನೂ ಹೇಳಬೇಕು. ಜಾನ್ಸನ್ ಹೆಸರು ಮತಪತ್ರದಲ್ಲಿ ಇರಲಿಲ್ಲ, ಮತದಾರರು ಕೈಯಲ್ಲಿ ಬರೆಯಬೇಕಿತ್ತು. ಬರೆಯುತ್ತೇವೆಂದು ಮೊದಲೇ ಮಾತು ತೆಗೆದುಕೊಳ್ಳಲು ಪಕ್ಷದವರು ಕ್ರಮಸಂಖ್ಯೆ ಹಾಕಿದ ಪ್ರತಿಜ್ಞಾ ಕಾರ್ಡು ಅಚ್ಚು ಹಾಕಿಸಿದರು. ಮೂರು ಭಾಗದ ಕಾರ್ಡು: ಒಂದು ಮತದಾರರಿಗೆ, ಒಂದು ರಾಜ್ಯದ ಪಕ್ಷದ ಕಚೇರಿಗೆ, ಮತ್ತೊಂದು ಶ್ವೇತಭವನಕ್ಕೆ. ಗುಟ್ಟಿನ ಮತದಾನ ಎಲ್ಲಿ ಹೋಯಿತು ಎಂದು ಮೆಕಾರ್ಥಿ ಕಡೆಯವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಇಷ್ಟು ಸಾಲದೆಂದು, ವಿಯೆಟ್ನಾಂನ ಕಮ್ಯುನಿಸ್ಟರು ಈ ಚುನಾವಣೆಯನ್ನೇ ನೋಡುತ್ತಿದ್ದಾರೆ ಎಂದು ಜಾಹೀರಾತು ಬೇರೆ. ತನ್ನ ಊರಿನಲ್ಲಿ ತೆರಿಗೆ ಕಟ್ಟಿಕೊಂಡು ನೆಮ್ಮದಿಯಾಗಿದ್ದವನನ್ನು ನೀನು ದೇಶದ್ರೋಹಿ ಅಂದರೆ ಅವನು ಯಾಕೆ ಸುಮ್ಮನಿರುತ್ತಾನೆ?

ಇನ್ನೊಂದು. ಅಲ್ಲಿಂದ, ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪಕ್ಷದ ಮಹಾಧಿವೇಶನಕ್ಕೆ ಹೋಗಬೇಕಾದ ಪ್ರತಿನಿಧಿಗಳು 24. ಜಾನ್ಸನ್ ಕಡೆಯವರು 24 ಸ್ಥಾನಕ್ಕೆ ನಲವತ್ತಕ್ಕೂ ಹೆಚ್ಚು ಜನರನ್ನು ನಿಲ್ಲಿಸಿ ತಮ್ಮ ಮತ ತಾವೇ ಒಡೆದುಕೊಂಡರು. ಮೆಕಾರ್ಥಿ ಕಡೆಯವರು ಲೆಕ್ಕ ಹಾಕಿ ನಿಲ್ಲಿಸಿದರು. ಮತದಲ್ಲಿ ಸೋತವರಿಗೆ 20 ಪ್ರತಿನಿಧಿಗಳು ಸಿಕ್ಕರು.

ಗಂಗೋತ್ರಿ ಸಂಶೋಧಕಿ

ಮೇಷ್ಟ್ರ ಮಾತಿನಲ್ಲಿ ಒಂದು ಕಡೆ ನನ್ನ ತಕರಾರಿದೆ. ‘ಹೊರಳಿದ ಮನಸ್ಸು’ ಅಂದಾಗ ಯಾವ ಕಡೆಗೆ ಹೊರಳಿದ್ದು ಅನ್ನುವುದನ್ನೂ ಕೇಳಬೇಕು. ನ್ಯೂ ಹ್ಯಾಂಪ್‌ಶೈರ್ ಮತದಾರರ ಸಮೀಕ್ಷೆಯನ್ನು ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರು ಆಮೇಲೆ ಬಿಡಿಸಿ ನೋಡಿದರು. ಮೆಕಾರ್ಥಿಗೆ ಮತ ಹಾಕಿದವರಲ್ಲಿ, ಜಾನ್ಸನ್ ಇನ್ನೂ ಜೋರಾಗಿ ಯುದ್ಧ ಮಾಡುತ್ತಿಲ್ಲ ಎಂದು ಸಿಟ್ಟಾದವರೇ ಹೆಚ್ಚು, ಪಡೆ ವಾಪಸ್ ಕರೆಸಿ ಅನ್ನುವವರು ಇಬ್ಬರಿದ್ದರೆ ಇವರು ಹೆಚ್ಚುಕಡಿಮೆ ಮೂವರು. ಅಂದರೆ ಶಾಂತಿಯ ಅಭ್ಯರ್ಥಿಗೆ ಬಿದ್ದ ಮತಗಳಲ್ಲಿ ಬಹುಪಾಲು ಶಾಂತಿಯ ಮತಗಳಲ್ಲ. ‘ಗೆಲ್ಲಿ, ಇಲ್ಲ ಬಿಟ್ಟು ಬನ್ನಿ’ ಅನ್ನುವವರ ಮತಗಳು ಅವು. ಆ ನವೆಂಬರ್‌ನಲ್ಲಿ ಮೂರನೆಯವರಾಗಿ ನಿಂತ, ಯುದ್ಧದಲ್ಲಿ ಬಿಗಿ ನಿಲುವಿನ ಜಾರ್ಜ್ ವಾಲೆಸ್‌ಗೆ ದೇಶದಲ್ಲಿ ನೂರಕ್ಕೆ 13ಕ್ಕೂ ಹೆಚ್ಚು ಮತ ಹೋಯಿತು ಅನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಇನ್ನು ಯುದ್ಧ ಬೇಡ ಅಂದವರು ಯಾರು? ನಮ್ಮ ಕಣ್ಣಮುಂದೆ ಬರುವುದು ವಿಶ್ವವಿದ್ಯಾಲಯದ ಅಂಗಳ. ಸಮೀಕ್ಷೆಗಳು ಬೇರೆಯೇ ಹೇಳುತ್ತವೆ. ಕಾಲೇಜು ಓದಿದವರಿಗಿಂತ ಕಡಿಮೆ ಓದಿದವರಲ್ಲೇ ಪಡೆ ವಾಪಸ್ ಕರೆಸಿ ಅನ್ನುವವರು ಹೆಚ್ಚು. ಹೆಂಗಸರಲ್ಲಿ ಹೆಚ್ಚು, ಕರಿಯರಲ್ಲಿ ಹೆಚ್ಚು. ಮಿಷಿಗನ್‌ನ ಡಿಯರ್‌ಬಾರ್ನ್, ಫೋರ್ಡ್ ಕಾರ್ಖಾನೆಯ ಊರು, 1966ರಲ್ಲಿ ಇದೇ ಪ್ರಶ್ನೆಯನ್ನು ನಗರದ ಮತಪತ್ರದ ಮೇಲೇ ಹಾಕಿತು: ಕದನ ನಿಲ್ಲಿಸಿ ಪಡೆ ವಾಪಸ್ ಕರೆಸಬೇಕೇ? ನೂರಕ್ಕೆ ಸುಮಾರು 40 ಜನ ಹೌದು ಅಂದರು. ಆ ವರ್ಷಕ್ಕೆ ಅದು ಬಹಳ ದೊಡ್ಡ ಸಂಖ್ಯೆ. ಹೌದು ಅಂದವರು ಹೆಚ್ಚಾಗಿದ್ದದ್ದು ಕೈಕೆಲಸದವರ ಬೀದಿಗಳಲ್ಲಿ, ಸಾಹುಕಾರರ ಬಡಾವಣೆಗಳಲ್ಲಲ್ಲ.

ನಿವೃತ್ತ ಹವಾಲ್ದಾರ್, ಕೆ.ಆರ್. ಪೇಟೆ

ತಂಗಿ ಹೇಳಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಆ ದೇಶದಲ್ಲಿ ಕಡ್ಡಾಯ ಸೇವೆಯಿಂದ ರಿಯಾಯಿತಿ ಇತ್ತು. ಹೋದವರು ಕಾರ್ಖಾನೆ ಕೂಲಿಯವರ ಮಕ್ಕಳು, ಹೊಲದವರ ಮಕ್ಕಳು. ಶವಪೆಟ್ಟಿಗೆ ಬಂದು ನಿಂತದ್ದು ಅವರ ಬೀದಿಗೆ. ಅಂಥ ಮನೆ ಬಾಗಿಲಿಗೆ ರಿಯಾಯಿತಿ ಪಡೆದ ಹುಡುಗ ಬಂದು ಯುದ್ಧ ತಪ್ಪು ಅಂದರೆ ಆ ತಾಯಿಗೆ ಹೇಗಾಗಿರಬೇಕು ಅಂತ ಯೋಚನೆ ಮಾಡಿ.

ನನ್ನ ಕತೆಯನ್ನೂ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ದೇಶದಲ್ಲೂ ನಡೆದದ್ದು. 1987ರ ಜುಲೈ 29ರ ಒಪ್ಪಂದ ಆದಮೇಲೆ ಶಾಂತಿಪಾಲನಾ ಪಡೆ ಅಂತ ನಮ್ಮನ್ನು ಶ್ರೀಲಂಕಾಕ್ಕೆ ಕಳಿಸಿದರು. ಹೋಗುವಾಗ ಜಾಫ್ನಾದ ಜನ ಹೂವಿನ ಹಾರ ಹಾಕಿದರು. ಅಕ್ಟೋಬರ್‌ನಲ್ಲಿ ಅದೇ ಊರಿನ ಗಲ್ಲಿಗಳಲ್ಲಿ ಗುಂಡು. ಸುಮಾರು 1,200 ಜನ ನಮ್ಮವರು ಅಲ್ಲಿ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ಬರಮಾಡಿಕೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ.

ಊರಿಗೆ ಬಂದಾಗ ನನ್ನನ್ನು ಯಾರೂ ಆ ಯುದ್ಧದ ಬಗ್ಗೆ ಕೇಳಲಿಲ್ಲ. ಸಂತೆಯಲ್ಲಿ ಸಿಕ್ಕವರು ‘ರಜಾ ಎಷ್ಟು ದಿನ’ ಅಂದರು, ಅಷ್ಟೇ. ನಡುವೆ 1989ರ ನವೆಂಬರ್‌ನಲ್ಲಿ ಲೋಕಸಭೆ ಚುನಾವಣೆಯೂ ಆಗಿತ್ತು. ಮೇಷ್ಟ್ರೇ, ಪಡೆ ಕಳಿಸಿದ ಪಕ್ಷಕ್ಕೆ ಕರ್ನಾಟಕದಲ್ಲಿ 28ರಲ್ಲಿ 27 ಸೀಟು ಬಂತು. ಇದಕ್ಕೇನು ಹೇಳುತ್ತೀರಿ?

ಸರಸ್ವತಿಪುರಂ ಮೇಷ್ಟ್ರು

ಹವಾಲ್ದಾರ್ ಸಾಹೇಬರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮಗೂ ನಿಮ್ಮ ಜೊತೆಯವರಿಗೂ ಈ ನಾಡು ಎರಡು ಮಾತು ಕೇಳಬೇಕಿತ್ತು.

ನಿಮ್ಮ ಪ್ರಶ್ನೆಗೆ ಇನ್ನೊಂದು ಸಂಗತಿ ಸೇರಿಸುತ್ತೇನೆ. ಕರ್ನಾಟಕ ಹಾಗಿರಲಿ, ಆ ಕಾರ್ಯಾಚರಣೆಯ ಮೇಲೆ ಅತಿ ಹೆಚ್ಚು ಸಿಟ್ಟಿದ್ದ ತಮಿಳುನಾಡಿನಲ್ಲೇ ಕಾಂಗ್ರೆಸ್ ಮತ್ತು ಅಣ್ಣಾ ಡಿಎಂಕೆ ಕೂಟ 39ರಲ್ಲಿ 38 ಗೆದ್ದಿತು. ಡಿಎಂಕೆಗೆ ಒಂದೂ ಬರಲಿಲ್ಲ. ಕರ್ನಾಟಕದಲ್ಲಿ ಜನತಾ ಪರಿವಾರದ ಜಗಳ, ಉತ್ತರದಲ್ಲಿ ಬೊಫೋರ್ಸ್, ತಮಿಳುನಾಡಿನಲ್ಲಿ ಮೈತ್ರಿಯ ಲೆಕ್ಕ. ಶ್ರೀಲಂಕಾ ಪ್ರಶ್ನೆಯನ್ನು ಕರ್ನಾಟಕದ ಮತದಾರರ ಬಾಗಿಲಿಗೆ ಯಾರೂ ಹೊತ್ತು ತರಲಿಲ್ಲ. ವಿ.ಪಿ. ಸಿಂಗ್ ಪ್ರಧಾನಿಯಾಗಿ ಪಡೆ ವಾಪಸಾತಿ ಮುಗಿಸಿದರು, ಸರಿ. ಆದರೆ ಅದಕ್ಕೆಂದು ಯಾರೂ ಇಲ್ಲಿ ಮತ ಹಾಕಿರಲಿಲ್ಲ. ನನ್ನ ಮಾತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಡ. ಬೇಡವಾದ ಯುದ್ಧವೂ ಕೇಳುವವರಿಲ್ಲದಿದ್ದರೆ ಮತಪೆಟ್ಟಿಗೆಯ ಹತ್ತಿರ ಸುಳಿಯುವುದಿಲ್ಲ.

ಗಂಗೋತ್ರಿಯವರ ತಕರಾರನ್ನು ಒಪ್ಪುತ್ತೇನೆ. ಸಿಟ್ಟು ಒಂದೇ ಬಗೆಯದಾಗಿರಲಿಲ್ಲ. ಆದರೂ ಆ ಬೆರಕೆ ಸಿಟ್ಟೇ ಜಾನ್ಸನ್‌ರನ್ನು ಕೆಳಗಿಳಿಸಿದ್ದು. ಬಾಗಿಲು ತಟ್ಟಿದ ಹುಡುಗರು ‘ನೀನು ಯಾಕೆ ಸಿಟ್ಟಾಗಿದ್ದೀಯ’ ಎಂದು ಪರೀಕ್ಷೆ ಮಾಡಿ ಮತ ತೆಗೆದುಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ಕೂಡ ಸರಿಯಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮದ್ದೂರಿನ ಅಕ್ಕ

ನಾನು ಇತಿಹಾಸ ಓದಿದವಳಲ್ಲ. ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ಸ್ತ್ರೀಶಕ್ತಿ ಸಂಘದವರ ಜೊತೆ ಮನೆಮನೆ ಹೋಗಿದ್ದೇನೆ. ಅದರಿಂದ ಗೊತ್ತಾಗಿದ್ದನ್ನು ಹೇಳ್ತೀನಿ.

ಒಂದು ಮನೇಲಿ ಯಜಮಾನ್ರು ಜಗಲಿ ಮೇಲೆ ಕೂತಿದ್ರು. ಕರಪತ್ರ ಕೊಟ್ವಿ, ‘ಆಯ್ತಮ್ಮಾ ಆಯ್ತು, ನಿಮ್ಗೇ’ ಅಂದ್ರು. ಆ ‘ಆಯ್ತಮ್ಮಾ’ ಎಲ್ಲಾ ಪಕ್ಷದೋರಿಗೂ ಸಿಗೋದೇ. ನಾವು ಹೊರಡಲಿಲ್ಲ. ಅವರ ಹೆಂಡತಿ ಹಿತ್ಲಲ್ಲಿ ಪಾತ್ರೆ ಉಜ್ಜುತ್ತಿದ್ರು, ಅಲ್ಲಿಗೆ ಹೋದ್ವಿ. ಆಯಮ್ಮ ತಲೆ ಎತ್ತದೇನೇ ‘ಬೋರು ಕೆಟ್ಟು ತಿಂಗ್ಳಾಯ್ತು, ಆಗ ಎಲ್ಲಿದ್ರಿ’ ಅಂದ್ರು. ಜೊತೇಲಿದ್ದ ಹುಡುಗಿ ಕರಪತ್ರದಲ್ಲಿ ಇದ್ದದ್ದನ್ನ ಓದಕ್ಕೆ ಶುರು ಮಾಡಿದ್ಳು. ನಾನು ಅವಳ ಕೈ ಹಿಡಿದು ನಿಲ್ಸಿ, ಕಲ್ಲಿನ ಮೇಲೆ ಕೂತ್ಕೊಂಡೆ. ನೀರು ಎಲ್ಲಿಂದ ತರ್ತೀರಿ, ಎಷ್ಟು ಕೊಡ ಬೇಕು, ಯಾರು ಹೊರ್ತಾರೆ ಅಂತ ಕೇಳ್ದೆ. ಮಗಳ ಬಾಣಂತನ, ಎಮ್ಮೆ, ಎಲ್ಲಾ ಬಂತು. ಕೊನೆಗೆ ಆಯಮ್ಮನೇ ಕೈ ಒರೆಸ್ಕೊಂಡು ‘ಯಾವ ಗುರ್ತಮ್ಮಾ ನಿಮ್ದು’ ಅಂದ್ರು. ಅಲ್ಲೀವರ್ಗೂ ನಾವು ಗುರುತು ಹೇಳೇ ಇರಲಿಲ್ಲ.

ಅದಕ್ಕೇ ಕೇಳ್ತೀನಿ ಮೇಷ್ಟ್ರೇ, ಆ ಕಾಲೇಜು ಮಕ್ಕಳು ಯುದ್ಧದ ಬಗ್ಗೆ ಭಾಷಣ ಮಾಡಿದ್ರಾ, ಇಲ್ಲಾ ಕೇಳಿಸ್ಕೊಂಡ್ರಾ? ಹವಾಲ್ದಾರ್ ಅಣ್ಣಾವ್ರು ಹೇಳಿದ ಆ ತಾಯಿ ಹತ್ರ ಕೂತು ಮಗನ ಕಾಗದ ಬಂತಾ ಅಂತ ಕೇಳಿದ್ರೆ ಆಯಮ್ಮ ರಿಯಾಯಿತಿ ಲೆಕ್ಕ ತೆಗೀತಿರಲಿಲ್ಲ. ಭಾಷಣ ಮಾಡಿದ್ರೆ ಖಂಡಿತ ತೆಗೀತಿದ್ಲು.

ಸರಸ್ವತಿಪುರಂ ಮೇಷ್ಟ್ರು

ಅಕ್ಕಾ, ಕೇಳಿಸಿಕೊಳ್ಳಿ, ವಾದ ಮಾಡಬೇಡಿ ಎಂಬುದೇ ಅವರಿಗೂ ಕೊಟ್ಟ ಪಾಠ. ಬಾಗಿಲಲ್ಲಿ ಬಂದ ಮಾತು ಬರೀ ಯುದ್ಧವಲ್ಲ. ಬೆಲೆ ಏರಿದ್ದು, ಯುದ್ಧದ ಖರ್ಚಿಗೆಂದು ಜಾನ್ಸನ್ ಕೇಳಿದ್ದ ನೂರಕ್ಕೆ 10ರ ಹೆಚ್ಚುವರಿ ತೆರಿಗೆ, ಸರ್ಕಾರ ನಿಜ ಹೇಳುತ್ತಿಲ್ಲ ಎಂಬ ಗುಮಾನಿ. ಅದೆಲ್ಲ ಯುದ್ಧದ ಮಾತೇ ತಾನೇ.

ಪಾಂಡವಪುರದ ಹುಡುಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಮೇಷ್ಟ್ರ ಮಾತಿಗೆ ನಮ್ಮ ಜಿಲ್ಲೇದೇ ಒಂದು ಸೇರಿಸ್ತೀನಿ. ಯುದ್ಧದ ವಿಷಯ ಅಲ್ಲ, ಆದ್ರೂ ಹೆಸ್ರು ಬೇಕು ಅಂದ್ರಲ್ಲ, ಅದಕ್ಕೆ. 2018ರಲ್ಲಿ ಮಂಡ್ಯ ಜಿಲ್ಲೆ ಏಳಕ್ಕೆ ಏಳೂ ಸೀಟು ಜೆಡಿಎಸ್‌ಗೆ ಕೊಡ್ತು. ಆವತ್ತು ನಮ್ಮ ಜಿಲ್ಲೇಲಿ ಬೇರೆಯೋರು ಗೆಲ್ತಾರೆ ಅಂದಿದ್ರೆ ನಗೋರು. ಮಾರನೇ ವರ್ಷಾನೇ ಲೋಕಸಭೆಗೆ ಸುಮಲತಾ ಪಕ್ಷೇತರರಾಗಿ ನಿಂತು, ಕಹಳೆ ಊದೋ ರೈತನ ಗುರುತಲ್ಲಿ, ಮುಖ್ಯಮಂತ್ರಿ ಮಗನ ಎದ್ರು 1.25 ಲಕ್ಷ ಮತಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ರು. ಮೈತ್ರಿ ಅಂತ ಮೇಲ್ಗಡೆಯೋರು ಕೈ ಕುಲುಕಿದ್ರು, ಕೆಳಗಡೆ ಕಾರ್ಯಕರ್ತರು ಒಪ್ಪಲಿಲ್ಲ. ಜನ ಒಂದೇ ವರ್ಷದಲ್ಲಿ ಬೇರೆ ಜನ ಆಗ್ಲಿಲ್ಲ ಕಣಣ್ಣ. ಒತ್ತಕ್ಕೆ ಬೇರೆ ಗುರ್ತು ಸಿಕ್ತು, ಅಷ್ಟೇ.

ಗಂಗೋತ್ರಿ ಸಂಶೋಧಕಿ

ಹೆಸರು ಸಿಕ್ಕರೆ ಸಾಕೇ ಅನ್ನುವುದು ನನ್ನ ಮುಂದಿನ ಪ್ರಶ್ನೆ. 1968ರ ಉಳಿದ ಭಾಗ ನೋಡಿ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಅವರು ರಿವರ್‌ಸೈಡ್ ಚರ್ಚಿನಲ್ಲಿ ಯುದ್ಧದ ವಿರುದ್ಧ ಮಾತಾಡಿ ಸರಿಯಾಗಿ ಒಂದು ವರ್ಷಕ್ಕೆ. ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆ. ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ; ಹೊರಗೆ ಪೊಲೀಸರು ವಿದ್ಯಾರ್ಥಿಗಳನ್ನು ಚಚ್ಚುತ್ತಿದ್ದರು, ಒಳಗೆ ಒಂದೂ ಪ್ರೈಮರಿಯಲ್ಲಿ ನಿಲ್ಲದ, ಜಾನ್ಸನ್‌ರ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅಭ್ಯರ್ಥಿಯಾದರು. ಬಾಗಿಲು ತಟ್ಟಿದ್ದೆಲ್ಲ ಎಲ್ಲಿಗೆ ಹೋಯಿತು? ನವೆಂಬರ್‌ನಲ್ಲಿ ಎದುರು ಪಕ್ಷವಾದ ರಿಪಬ್ಲಿಕನ್ನರ ನಿಕ್ಸನ್ ನೂರಕ್ಕೆ ಒಂದರಷ್ಟೂ ಇಲ್ಲದ ಅಂತರದಲ್ಲಿ ಗೆದ್ದರು. 1969ರ ಏಪ್ರಿಲ್‌ನಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರು 5.43 ಲಕ್ಷ, ಇಡೀ ಯುದ್ಧದಲ್ಲೇ ಅತಿ ಹೆಚ್ಚು. ಅಲ್ಲಿ ಸತ್ತ 58,000ಕ್ಕೂ ಹೆಚ್ಚು ಅಮೆರಿಕನ್ನರಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಸತ್ತದ್ದು ನಿಕ್ಸನ್ ಕಾಲದಲ್ಲಿ. ವಿಯೆಟ್ನಾಮಿಗಳ ಸಾವು ಇದರ ಎಷ್ಟೋ ಪಟ್ಟು, ಅದನ್ನು ಅಮೆರಿಕದ ಮತಪೆಟ್ಟಿಗೆ ಲೆಕ್ಕಕ್ಕೇ ಹಿಡಿಯಲಿಲ್ಲ.

ಇರಾಕ್ ಯುದ್ಧದಲ್ಲೂ ಹೀಗೇ. 2006ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಯುದ್ಧದ ಪರವಿದ್ದ ಸೆನೆಟರ್ ಜೋ ಲೀಬರ್‌ಮನ್‌ರನ್ನು ನೆಡ್ ಲಾಮೊಂಟ್ ಸೋಲಿಸಿದರು. ಸೋತವರು ಪಕ್ಷೇತರರಾಗಿ ನಿಂತು ನವೆಂಬರ್‌ನಲ್ಲಿ ಗೆದ್ದು ಬಂದರು. ಅದೇ ನವೆಂಬರ್‌ನಲ್ಲಿ ದೇಶದ ಮತದಾರರು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಮನೆಗಳನ್ನು ಅಧ್ಯಕ್ಷ ಬುಷ್ ಪಕ್ಷದಿಂದ ಕಿತ್ತುಕೊಂಡರು, ಮರುದಿನವೇ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ರಾಜೀನಾಮೆ. ಆಮೇಲೆ ಏನಾಯಿತು? 2007ರ ಜನವರಿಯಲ್ಲಿ ಬುಷ್ ಇನ್ನೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸುತ್ತೇನೆ ಎಂದರು. ಇದನ್ನು ನೋಡಿದ ಮತದಾರಳು ಮುಂದಿನ ಸಲ ಬಾಗಿಲು ತೆರೆಯುತ್ತಾಳೆಯೇ?

ನಿವೃತ್ತ ಹವಾಲ್ದಾರ್, ಕೆ.ಆರ್. ಪೇಟೆ

ತೆರೆಯುತ್ತಾಳೆ ತಂಗಿ, ಬಂದವರು ಯಾರು ಅನ್ನುವುದರ ಮೇಲೆ. ಬ್ರಿಟನ್ನಿನಲ್ಲಿ 2005ರ ಚುನಾವಣೆಯಲ್ಲಿ ಪ್ರಧಾನಿ ಬ್ಲೇರ್ ಎದುರು ಅವರ ಸ್ವಂತ ಕ್ಷೇತ್ರದಲ್ಲೇ ರೆಗ್ ಕೀಸ್ ಎಂಬುವರು ನಿಂತರು. ಅವರ ಮಗ ಇರಾಕ್‌ನಲ್ಲಿ ಸತ್ತ ಸೈನಿಕ. ಗೆಲ್ಲಲಿಲ್ಲ, ನೂರಕ್ಕೆ ಹತ್ತರಷ್ಟು ಮತ ಬಂತು. ಫಲಿತಾಂಶ ಓದುವಾಗ ಬ್ಲೇರ್ ಅದೇ ವೇದಿಕೆ ಮೇಲೆ ನಿಂತು ಆ ತಂದೆಯ ಮಾತು ಕೇಳಬೇಕಾಯಿತು. ಬೇರೆ ಯಾವ ಸಭೆಯಲ್ಲೂ ಹಾಗೆ ಮುಖಕ್ಕೆ ಮುಖ ಕೊಟ್ಟು ಕೇಳಿಸುವುದು ಆಗುತ್ತಿರಲಿಲ್ಲ. ನನಗೆ ಇದು ಸಣ್ಣದು ಅನ್ನಿಸುವುದಿಲ್ಲ.

ಸರಸ್ವತಿಪುರಂ ಮೇಷ್ಟ್ರು

ಗಂಗೋತ್ರಿಯವರ ಪ್ರಶ್ನೆಯೇ ಈ ಚರ್ಚೆಯ ಗಂಟು. ನನ್ನ ಉತ್ತರ ಷಿಕಾಗೋದ ಬೀದಿಯಲ್ಲಿಲ್ಲ, ಅದರ ನಂತರದ ಸದ್ದಿಲ್ಲದ ವರ್ಷಗಳಲ್ಲಿದೆ. ಷಿಕಾಗೋದಲ್ಲಿ ಮೋಸಹೋದೆವು ಅನ್ನಿಸಿದವರು ಪಕ್ಷದ ನಿಯಮಗಳಿಗೇ ಕೈ ಹಾಕಿದರು. ಆ ನಿಯಮ ತಿದ್ದಲು ಮೆಕ್‌ಗವರ್ನ್–ಫ್ರೇಸರ್ ಆಯೋಗ ಬಂತು, 1972ರಿಂದ ಅಭ್ಯರ್ಥಿಯನ್ನು ಆರಿಸುವ ಅಧಿಕಾರ ಪಕ್ಷದ ಯಜಮಾನರ ಕೈಯಿಂದ ಬಹುಮಟ್ಟಿಗೆ ಮತದಾರರಿಗೆ ಬಂತು. ಆ ವರ್ಷ ಪಕ್ಷದ ಅಭ್ಯರ್ಥಿಯಾದ ಮೆಕ್‌ಗವರ್ನ್ ಐವತ್ತರಲ್ಲಿ 49 ರಾಜ್ಯ ಸೋತರು ಅನ್ನುವುದನ್ನು ಮರೆತಿಲ್ಲ.

ಆದರೆ ಅಧ್ಯಕ್ಷ ಸ್ಥಾನದ ಮೇಲೇ ಕಣ್ಣಿಟ್ಟರೆ ಕೆಳಗೆ ನಡೆದದ್ದು ಕಾಣುವುದಿಲ್ಲ. 1970ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಯುದ್ಧವಿರೋಧಿಗಳು ಸಭೆ ಸೇರಿ ರಾಬರ್ಟ್ ಡ್ರೈನನ್ ಎಂಬ ಜೆಸ್ಯೂಟ್ ಪಾದ್ರಿಯನ್ನು ನಿಲ್ಲಿಸಿದರು. ಎದುರಾಳಿ ಫಿಲಿಪ್ ಫಿಲ್ಬಿನ್ 1943ರಿಂದ ಆ ಸೀಟಿನಲ್ಲಿದ್ದವರು, ಸಶಸ್ತ್ರ ಪಡೆಗಳ ಸಮಿತಿಯ ಹಿರಿಯ ಸದಸ್ಯರು. ವಿದ್ಯಾರ್ಥಿಗಳು ಒಂದೊಂದು ಮನೆಗೂ ಹೋಗಿ ಯಾರು ಯಾವ ಕಡೆ ಎಂದು ಬರೆದುಕೊಂಡು ಬಂದರು. ಫಿಲ್ಬಿನ್ ಸೋತರು. 1972ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎಲಿಜಬೆತ್ ಹೋಲ್ಟ್ಸ್‌ಮನ್ ಎಂಬ 30ರ ವಕೀಲೆ ಇಮ್ಯಾನುಯೆಲ್ ಸೆಲ್ಲರ್ ಎದುರು ಪ್ರೈಮರಿಗೆ ನಿಂತರು. ಸೆಲ್ಲರ್ 1923ರಿಂದ ಸಂಸದ, ಸುಮಾರು ಐವತ್ತು ವರ್ಷ. ಅವರಿಗೆ ಪ್ರಚಾರ ಬೇಕೆಂದೇ ಅನ್ನಿಸಲಿಲ್ಲ. ಹೋಲ್ಟ್ಸ್‌ಮನ್ ಹತ್ತಿರ ದುಡ್ಡಿರಲಿಲ್ಲ, ನಡೆದರು. ಕೆಲವೇ ನೂರು ಮತಗಳಲ್ಲಿ ಗೆದ್ದರು.

ವಿಯೆಟ್ನಾಂ ಕದನ ನಿಲ್ಲಿಸುವ ಪ್ಯಾರಿಸ್ ಒಪ್ಪಂದ 1973ರ ಜನವರಿಯಲ್ಲಿ ಆದಮೇಲೂ ಕಾಂಬೋಡಿಯಾದ ಮೇಲೆ ಬಾಂಬು ಬೀಳುತ್ತಲೇ ಇತ್ತು. ಕಾಂಗ್ರೆಸ್ಸಿನ ಅನುಮತಿ ಇಲ್ಲದ ಈ ದಾಳಿ ಸಂವಿಧಾನಬಾಹಿರ ಎಂದು ಹೋಲ್ಟ್ಸ್‌ಮನ್ ರಕ್ಷಣಾ ಸಚಿವರ ಮೇಲೆ ಮೊಕದ್ದಮೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು, ಮೇಲಿನ ನ್ಯಾಯಾಲಯ ಆ ಆದೇಶ ಜಾರಿಯಾಗಲು ಬಿಡಲಿಲ್ಲ. ಅಷ್ಟರಲ್ಲಿ ಕಾಂಗ್ರೆಸ್ ಹಣವನ್ನೇ ನಿಲ್ಲಿಸಿತು. 1973ರ ಆಗಸ್ಟ್ 15ಕ್ಕೆ ಗಡುವು. ನಿಕ್ಸನ್ ಆ ದಿನಕ್ಕೆ ದಾಳಿ ನಿಲ್ಲಿಸಿದರು. ಆ ಹಣ ನಿಲ್ಲಿಸಲು ಕೈ ಎತ್ತಿದವರಲ್ಲಿ ಹೀಗೆ ಒಬ್ಬೊಬ್ಬರಾಗಿ, ಒಂದೊಂದು ಕ್ಷೇತ್ರದಲ್ಲಿ, ಬಾಗಿಲು ತಟ್ಟಿ ಗೆದ್ದು ಬಂದವರಿದ್ದರು.

ನ್ಯೂ ಹ್ಯಾಂಪ್‌ಶೈರ್‌ನಿಂದ ಅಲ್ಲಿಗೆ ಐದು ವರ್ಷ ಹಿಡಿಯಿತು. ಐದು ವರ್ಷದಲ್ಲಿ ಸತ್ತವರ ಎದುರು ನಿಂತು ಇದನ್ನು ಗೆಲುವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಾಗಿಲಿಗೆ ಹೋಗದೆ ಇದ್ದಿದ್ದರೆ ಆಗಸ್ಟ್ 15 ಕೂಡ ಬರುತ್ತಿರಲಿಲ್ಲ ಎಂದು ಖಂಡಿತವಾಗಿ ಅನ್ನುತ್ತೇನೆ.

ಮದ್ದೂರಿನ ಅಕ್ಕ

ಆ ಹೋಲ್ಟ್ಸ್‌ಮನ್ ಅವರ ಬಗ್ಗೆ ಇನ್ನೂ ಬರೀರಿ ಮೇಷ್ಟ್ರೇ. ದುಡ್ಡಿಲ್ದೆ ನಡೆದು ಗೆದ್ದೋರ ಕತೆ ನಮ್ಮ ಸಂಘದಲ್ಲಿ ಓದಿಸ್ಬೇಕು. ಹವಾಲ್ದಾರ್ ಅಣ್ಣ, ನೀವೂ ಒಂದ್ಸಲ ಮದ್ದೂರಿಗೆ ಬನ್ನಿ. ಜಾಫ್ನಾದಲ್ಲಿ ಏನಾಯ್ತು ಅಂತ ನಾವು ಕೇಳ್ತೀವಿ.